ಕೆಂಪು ಗುಡ್ಡದ ಹಸಿರು ಗೆರೆ

"ಎಕ್ಸ್‌ಕ್ಯೂಸ್ ಮೀ! ಕ್ಯಾನ್ ಯು ಮೂವ್, ಪ್ಲೀಸ್?"

ಕ್ಯಾಮೆರಾ ಹಿಡಿದ ನಿಶ್ಮಿತಾ ಎರಡನೇ ಸಲ ಕೂಗಿದಳು. ಮರದ ಅಟ್ಟಣೆಯ ತುದಿಯಲ್ಲಿದ್ದ ಎತ್ತರದ ಆಸಾಮಿ ಅಲುಗಲಿಲ್ಲ. ಅವನಾಚೆ ಕ್ಯಾಲೆಡನ್‌ನ ಬ್ಯಾಡ್‌ಲ್ಯಾಂಡ್ಸ್... ಹುಲ್ಲೂ ಹುಟ್ಟದ ಕೆಂಪು ಕಲ್ಲುಗುಡ್ಡಗಳು. ಮೇಪಲ್ ಮರಗಳ ನಡುವೆ ಮರುಭೂಮಿಯ ತುಂಡೊಂದು ತಪ್ಪಿ ಬಿದ್ದಂತೆ! ಸಂಜೆಯ ಬೆಳಕು ಇನ್ನೇನು ಜಾರಿಹೋಗಲಿತ್ತು.

"ಎಂತ ಮಾರಾಯ ಇವ, ಲೈಟುಕಂಬದ ಹಾಗೆ ನಿಂತಿದ್ದಾನೆ!" ಅವಳು ಗೊಣಗಿದಳು.

ಆಸಾಮಿ ತಟ್ಟನೆ ತಿರುಗಿದ. "ಕಂಬ ಸರಿತೈತ್ರಿ. ನೀವು ಫೋಟೋ ಹೊಡ್ಕೋರಿ."

ಅಯ್ಯೋ ದೇವರೇ... ಈ ಪರದೇಶದಲ್ಲೂ ಕನ್ನಡದವನು! ಅವಳ ಮುಖ ಗುಡ್ಡಕ್ಕಿಂತ ಕೆಂಪಾಯಿತು.

ಹೆಸರು ನಿಜಗುಣ. ಧಾರವಾಡದವನು, ಮಿಸಿಸಾಗದಲ್ಲಿ ಸೇತುವೆ ಡಿಸೈನ್ ಮಾಡುವ ಇಂಜಿನಿಯರ್. ಅವಳು ಉಡುಪಿ ಕಡೆಯವಳು, ಮಿಸಿಸಾಗದಲ್ಲೇ ಡೆಂಟಲ್ ಕ್ಲಿನಿಕ್ಕೊಂದರಲ್ಲಿ ಕೆಲಸ. ಅವಳಿಗೆ ಬರುವಾಗ ಸಿಕ್ಕಿದ್ದ ಟ್ಯಾಕ್ಸಿ ಹೋಗುವಾಗ ಸಿಗಲಿಲ್ಲ.

"ನನ್ನ ಕಾರಿನ್ಯಾಗ ಬರ್ರಿ. ಮೊದಲು ನಂಬರ್ ಪ್ಲೇಟಿನ ಫೋಟೋ ತೆಗೆದು ಗೆಳತ್ಯಾರಿಗೆ ಕಳಸ್ರಿ, ಆಮ್ಯಾಲೆ ಹತ್ರಿ."

ಆ ಒಂದು ಮಾತಿಗೇ ಅವಳು ಅವನನ್ನು ನಂಬಿಬಿಟ್ಟಳು.

ಬೇಸಿಗೆಯುದ್ದಕ್ಕೂ ಇಬ್ಬರೂ ಮತ್ತೆ ಮತ್ತೆ ಹೋದರು. ಕೆಂಪು ಕಲ್ಲಿನೊಳಗೆ ತೆಳ್ಳಗೆ ಹರಿದ ಹಸಿರು ಗೆರೆಯೊಂದು ಅವಳಿಗೆ ಫೋಟೋದಲ್ಲಿ ಬೇಕಿತ್ತು. ಬಿಸಿಲಿದ್ದರೆ ಅದು ಮಂಕು, ಮಳೆ ಬಂದರೆ ಕಲ್ಲೆಲ್ಲ ಹೊಳೆದು ಗೆರೆ ಮಾಯ. ಅವಳು ಕಾಯುತ್ತಿದ್ದಳು. ಅವನು ಅವಳು ತಂದ ತಣ್ಣಗಿನ ನೀರುದೋಸೆಯನ್ನು ಚಪ್ಪರಿಸಿ ತಿನ್ನುತ್ತಿದ್ದ.

"ನೋಡಿ, ನೋಡಿ! ಇಟ್ಟಿಗೆ ಬಣ್ಣ ಹೋಗಿ ಕುಂಕುಮ ಬಂತು!" ಅವಳು ಕುಣಿಯುತ್ತಿದ್ದಳು.

ಅವನು ನೋಡುತ್ತಿದ್ದುದು ಅವಳ ಮುಖವನ್ನು. ಅದು ಗೊತ್ತಾದಾಗಲೆಲ್ಲ ಅವಳ ಎದೆ ಡವಗುಟ್ಟುತ್ತಿತ್ತು...

ಅಕ್ಟೋಬರ್‌ನಲ್ಲಿ ಕೊನೆಗೂ ಗೆರೆ ಸಿಕ್ಕಿತು! ಕಾರಿನಲ್ಲಿ ಕೂತು ಅವಳು ಕ್ಯಾಮೆರಾದಲ್ಲಿ ಎರಡು ಚಿತ್ರ ತೋರಿಸಿದಳು. "ಯೂನಿಯನ್‌ವಿಲ್ ಫೋಟೋ ಎಕ್ಸಿಬಿಷನ್‌ಗೆ ಒಂದೇ ತಗೊಳ್ಳುದು. ಯಾವುದು ಕೊಡ್ಲಿ?"

ಅವನು ತುಂಬ ಹೊತ್ತು ನೋಡಿದ. "ಎರಡೂ ಒಂದೇ ಥರಾ ಅದಾವ್ರಿ."

"ಒಂದೇ ಥರವಾ? ಒಂದರಲ್ಲಿ ಹಸಿರು ಗೆರೆಯೇ ಇಲ್ಲ! ಇಷ್ಟು ಸಲ ಬಂದದ್ದು ಎಂತಕ್ಕೆ ಮತ್ತೆ? ನಿಮಗೆ ಇದೆಲ್ಲ ಬರೀ ಟೈಂಪಾಸಾ?"

ಅವನು ಕ್ಯಾಮೆರಾವನ್ನು ಅವಳ ಕೈಗಿಟ್ಟು ಕಾರು ಶುರುಮಾಡಿದ. ಮಿಸಿಸಾಗದಲ್ಲಿ ಅವಳು ಬಾಗಿಲು ದಡಾರನೆ ಹಾಕಿ ಇಳಿದುಹೋದಳು.

ಆಮೇಲೆ ಫೋನೂ ಇಲ್ಲ, ಮೆಸೇಜೂ ಇಲ್ಲ. 'ಟೈಂಪಾಸ್ ಆಗಿದ್ದು ಗುಡ್ಡವಾ... ನಾನಾ?' ಅವಳ ದಿಂಬು ಒದ್ದೆಯಾಯಿತು.

ಎಕ್ಸಿಬಿಷನ್ ದಿನ ಅವನು ಬಂದ. ಅವಳ ಚಿತ್ರದ ಮುಂದೆಯೇ ನಿಂತ.

"ಆ ಗೆರಿ ಎಲ್ಲೈತಿ, ತೋರಸ್ತೀರಾ?"

"ತಮಾಷೆಯಾ?"

"ಅಲ್ರಿ... ನನಗ ಕೆಂಪು, ಹಸಿರು ಬ್ಯಾರೆ ಬ್ಯಾರೆ ಕಾಣೂದಿಲ್ಲ. ಹುಟ್ಟಿದಾಗಿಂದ ಹಂಗ." ಅವನ ದನಿ ಇಳಿಯಿತು. "ಗಟ್ಟಿಯಾಗಿದ್ದ ಮದುವಿ ಸಂಬಂಧ ಒಂದು ಇದಕ್ಕ ಮುರಿದು ಹೋತು. ಅವತ್ತು ನಿಮಗ ಹೇಳಾಕ ಹೆದರಿಕಿ ಆತು."

ತಾನು ಆಡಿದ್ದು ನೆನಪಾಗಿ ಅವಳ ಕಣ್ಣು ತುಂಬಿತು.

"ಮತ್ತೆ ಅಷ್ಟು ಸಲ ಎಂತ ನೋಡ್ಲಿಕ್ಕೆ ಬಂದ್ರಿ?"

"ಮೊದಲನೇ ಸಲ ಗುಡ್ಡದ ನೆರಳು ನೋಡಾಕ. ಆಮ್ಯಾಲೆಲ್ಲ... ನೀವು ಬಣ್ಣ ಹೇಳೂದು ಕೇಳಾಕ."

ಅವಳು ಅವನ ಬೆರಳು ಹಿಡಿದು ಚಿತ್ರದ ಮೇಲೆ ಮೆಲ್ಲಗೆ ಸರಿಸಿದಳು. "ಇಲ್ಲಿಂದ ಶುರು. ಕೊತ್ತಂಬರಿ ದಂಟಿನಷ್ಟು ಸಪೂರ. ಇಲ್ಲಿ ತುಂಡಾಗ್ತದೆ... ಇಲ್ಲಿ ಪುನಃ ಸಿಗ್ತದೆ."

ಗೆರೆ ಮುಗಿಯಿತು. ಅವಳು ಕೈ ಬಿಡಲಿಲ್ಲ.

"ಜನ ನೋಡಾಕತ್ಯಾರ್ರಿ..."

"ನೋಡ್ಲಿ. ನಂಗೆ ನೀವು ಇಷ್ಟ. ಸೀರೆ ಅಂಗಡಿಗೆ ಮಾತ್ರ ಕರ್ಕೊಂಡು ಹೋಗುದಿಲ್ಲ!"

"ಸೀರಿ ಅಂದ್ರ... ಮದುವಿ ಸೀರಿನಾ?"

"ಮತ್ತೆಂತ ಮಾರಾಯ್ರೆ!"

ನಿಜಗುಣ ನಕ್ಕ. ಅವನ ಕಣ್ಣೂ ಒದ್ದೆಯಾಗಿತ್ತು.

"ನಾ ಹೊರಗ ಕಾರಿನ್ಯಾಗ ಕುಂದರ್ತೀನಿ. ತಗೊಂಡು ಬಂದು, ಯಾವ ಬಣ್ಣ ಅಂತ ಹೇಳು."

ಹೇಳ್ರಿ ಅಲ್ಲ... ಹೇಳು!

"ಹೇಳ್ತೇನೆ," ಎಂದಳು ನಿಶ್ಮಿತಾ, ಅವನ ಬೆರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು.