ಧನರಾಜನಿಗೆ ಕೇಳಬಾರದ ಮಾತು

"ನನ್ನ ಮಾತಿಗೆ ನೀವು ಯಾಕೆ ತಿರುಗಿ ನೋಡಿದ್ದು?" ಯಶ್ಮಿತಾ ರೇಗಿದಳು.

ಕಡಿಯಾಳಿಯ ಸಭಾಭವನದಲ್ಲಿ ನಾಟಕದ ಮೊದಲ ತಾಲೀಮು. ಎದುರಿಗಿದ್ದವನು ಕಾಪುವಿನ ಮೀನು ವ್ಯಾಪಾರಿ ಧನರಾಜ್. ಆವತ್ತೇ ಮೊದಲ ಭೇಟಿ!

"ಪಕ್ಕದಲ್ಲೇ ಅಷ್ಟು ಚಂದ ಮಾತಾಡಿದ್ರೆ ನೋಡದೆ ಎಂತ ಮಾಡುವುದು ಮಾರಾಯ್ರೆ?"

ನಿರ್ದೇಶಕಿ ಕುಶಲಾ ನಕ್ಕರು. "ಅದು ಸ್ವಗತ, ಧನರಾಜ್. ನಾಯಕಿ ಹೇಳಿಕೊಳ್ಳಲಾಗದ ಪ್ರೀತಿಯನ್ನು ತನ್ನೊಳಗೇ ಆಡಿಕೊಳ್ಳುವುದು. ಸಭೆಗೆ ಕೇಳಬೇಕು, ನಿಮಗೆ ಕೇಳಬಾರದು. ಅಲುಗಬೇಡಿ!"

ಅವನು ಕಲ್ಲಿನಂತೆ ನಿಲ್ಲಲು ಕಲಿತ. ಆ ಕಲ್ಲಿನ ಎದುರು ಯಶ್ಮಿತಾ ಕರಗುತ್ತಾ ಹೋದಳು...

ತಾಲೀಮು ಮುಗಿದರೆ ಅವಳ ಕಲ್ಯಾಣಪುರದ ಬಸ್ಸು ಬರುವವರೆಗೂ ಅವನು ಜೊತೆಗಿರುತ್ತಿದ್ದ. ಮಳೆ, ಮೀನು, ಟ್ರಾಫಿಕ್ಕು... ಎಲ್ಲದರ ಬಗ್ಗೆಯೂ ಮಾತು. ಮನಸ್ಸಿನಲ್ಲಿದ್ದ ಅದೊಂದನ್ನು ಬಿಟ್ಟು!

ಅಷ್ಟರಲ್ಲಿ ಯಶ್ಮಿತಾಳ ಮನೆಗೆ ಮುಂಬಯಿಯ ಸಂಬಂಧ ಬಂತು.

"ಮನಸ್ಸಲ್ಲಿ ಬೇರೆ ಯಾರಾದರೂ ಇದ್ದರೆ ಈಗಲೇ ಹೇಳು ಮಗಾ," ಎಂದರು ಅಮ್ಮ.

ಯಾರ ಹೆಸರು ಹೇಳಲಿ? ಧನರಾಜರ ಮನಸ್ಸಿನಲ್ಲಿ ನಾನಿದ್ದೇನೆಯೋ ಇಲ್ಲವೋ...

ಕಾರ್ಕಳದಲ್ಲಿ ಪ್ರದರ್ಶನ. ಸ್ವಗತದ ಹೊತ್ತಿಗೆ ಯಶ್ಮಿತಾ ಬಾಯಿಪಾಠದ ಮಾತು ಬಿಟ್ಟು ತನ್ನದೇ ಮಾತು ಆಡಿದಳು.

"ನಾಳೆ ಅಪ್ಪ ಮುಂಬಯಿಯವರಿಗೆ ಮಾತು ಕೊಡುತ್ತಾರೆ. ಇವರೊಮ್ಮೆ 'ಹೋಗಬೇಡ' ಅಂದರೆ ಸಾಕು... ಕೇಳೋಣವೆಂದರೆ ನನಗೆ ಬಾಯಿ ಬರುವುದಿಲ್ಲ."

ಧನರಾಜ್ ಅಲುಗಲಿಲ್ಲ.

ಸಭೆ ಚಪ್ಪಾಳೆ ತಟ್ಟಿತು. ಅವಳು ಅವನತ್ತ ನೋಡಿದಳು. ಕೇಳಿಯೂ ಸುಮ್ಮನಿದ್ದರಲ್ಲ!

ನಾಟಕ ಮುಗಿದದ್ದೇ ತಡ, ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ನಡೆದಳು.

ಇತ್ತ ಧನರಾಜ್ ಕುಶಲಾರ ಬಳಿ, "ಮೇಡಂ, ಆ ಮಾತು ಯಾವಾಗ ಬದಲಿಸಿದ್ದು?" ಎಂದು ಕೇಳಿದ.

"ನಾನು ಬದಲಿಸಲಿಲ್ಲ. ಅವಳಿಗೆ ನಿಜವಾಗಿ ಮುಂಬಯಿಯ ಸಂಬಂಧ ಬಂದುಂಟು."

ಧನರಾಜ್ ಓಡಿದ. ಮುಖದ ಬಣ್ಣವನ್ನೂ ಒರೆಸದೆ!

"ಯಶ್ಮಿತಾ, ನಿಲ್ಲಿ! ನಾಟಕದ ಮಾತು ಅಂತಲೇ ತಿಳಿದೆ. ಹೋಗಬೇಡಿ..."

ಬಸ್ಸಿನ ಮೆಟ್ಟಿಲಿನಲ್ಲಿ ಅವಳ ಕಣ್ಣು ತುಂಬಿತು. "ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀವು ಮಣಿಪಾಲದಲ್ಲಿ ಲೆಕ್ಚರರ್, ನಾನು ಮೀನು ಮಾರುವವ. ಹೇಳಿದ್ರೆ ಮಾತಾಡುವುದನ್ನೇ ಬಿಡ್ತೀರೇನೋ ಅಂತ ಹೆದರಿಕೆ. ನೀವಿಲ್ಲದೆ ನನಗೆ ಆಗುವುದಿಲ್ಲ."

"ಹತ್ತುವುದಾ, ಇಲ್ವಾ ಅಕ್ಕ?" ಕಂಡಕ್ಟರ್ ಕೂಗಿದ.

ಯಶ್ಮಿತಾ ಕೆಳಗಿಳಿದಳು. ಬಸ್ಸು ಹೊರಟುಹೋಯಿತು.

"ಬೆಳಿಗ್ಗೆ ಅಪ್ಪ ಮುಂಬಯಿಗೆ ಫೋನ್ ಮಾಡುವ ಮೊದಲೇ ಮನೆಗೆ ಬರ್ತೀರಾ?"

"ಬರ್ತೇನೆ. ಅವರಿಗೆ ಸಿಟ್ಟು ಬಂದ್ರೆ?"

"ಬಂದೇ ಬರ್ತದೆ. ಆದ್ರೂ ಬನ್ನಿ."

"ನಿಮಗೆ ಹೆದರಿಕೆ ಇಲ್ವಾ?"

"ಉಂಟು..." ಅವಳು ಕೈ ಚಾಚಿದಳು. "ಕೈ ಹಿಡ್ಕೊಳ್ಳಿ."