ಕುರಿಯ ಔಷಧ

ಆ ಉಂಡಿಯಿಂದಲೇ ಹೀಗಾಯಿತೇ? ಅದರಲ್ಲಿ ಇದ್ದದ್ದು ಒಣ ಸೊಪ್ಪು, ಬೆಲ್ಲ. ಅಷ್ಟಕ್ಕೇ ಅಪ್ಪನ ಲಾರಿ ಕೆಲಸ ಹೋಗುತ್ತದೆಯೇ?

ಸಕ್ಕರೆ ಕಾರ್ಖಾನೆಯ ಆಫೀಸಿನ ಬಾಗಿಲಲ್ಲಿ ಮಾಯಾ ಬುತ್ತಿ ಹಿಡಿದು ನಿಂತಿದ್ದಳು. ಒಳಗೆ ಅವಳ ಅಪ್ಪ ರೇವಪ್ಪ ಕೈಕಟ್ಟಿ ನಿಂತಿದ್ದ. ಎದುರಿಗೆ ಸೇಫ್ಟಿ ಆಫೀಸರ್ ಬಾಳಾಸಾಹೇಬರು.

“ಈ ಸೀಸನ್‌ದಿಂದ ಎಲ್ಲಾ ಡ್ರೈವರ್‌ಗೂ ಮೂತ್ರದ ಟೆಸ್ಟ್ ಐತಿ ಅಂತ ಹೇಳಿದ್ದೆ ಇಲ್ಲೋ, ರೇವಪ್ಪ? ನಿನ್ನ ರಿಪೋರ್ಟ್‌ನ್ಯಾಗ ಭಂಗಿ ಸೊಪ್ಪಿನ ನಶಾ ಬಂದೈತಿ.”

“ನಾ ಬೀಡಿನೂ ಸೇದಂಗಿಲ್ರಿ.”

“ಭಂಗಿ ಏನು ಗಾಳ್ಯಾಗ ಹಾರಿ ಬಂತೇನಪಾ?” ಎಂದ ವಾಚ್‌ಮನ್ ಗಂಗಾರಾಮ.



ಹೋದ ಶನಿವಾರ ಅಪ್ಪನಿಗೆ ಹೊಟ್ಟೆ ಕೆಟ್ಟಿತ್ತು. ಲಾರಿಗೆ ಹೋಗದೆ ಮಲಗಿದ್ದ. ಅಜ್ಜಿ ಲಗಮವ್ವ ಕುರಿ ಹೊಡೆದುಕೊಂಡು ಲೋಕಾಪುರದ ಕಡೆ ಹೋಗಿದ್ದಳು. ಕುರಿ ಹಿಕ್ಕೆ ನೀರಾದರೆ ಅಜ್ಜಿ ಡಬ್ಬಿಯಿಂದ ಭಂಗಿ ಸೊಪ್ಪು ತೆಗೆದು, ಬೆಲ್ಲದಲ್ಲಿ ಕುಟ್ಟಿ ತಿನ್ನಿಸುತ್ತಿದ್ದಳು. ಸಂಜೆಗೆಲ್ಲ ಕುರಿ ಜಿಗಿದಾಡುತ್ತಿತ್ತು.

ಮಾಯಾ ಅದೇ ಡಬ್ಬಿ ತೆರೆದು ಹಾಗೆಯೇ ಉಂಡಿ ಕಟ್ಟಿದಳು. “ಅಜ್ಜಿ ಔಷಧ. ನುಂಗಪಾ” ಎಂದಳು. ಅಪ್ಪ ಕಣ್ಣು ತೆರೆಯದೆ ನುಂಗಿದ್ದ. ಸೋಮವಾರ ಟೆಸ್ಟ್ ಆಯಿತು.

“ಔಷಧಂತ ತಿಂದಿದ್ರ ಬರಕೊಡು,” ಎಂದರು ಸಾಹೇಬರು. “ಲಾರಿ ಕೆಲಸ ಉಳಸಾಕ ನೋಡ್ತೀನಿ. ಆದ್ರ ಯಾರು ಕೊಟ್ರು ಹೇಳಬೇಕು. ಲೈಸೆನ್ಸ್ ಇಲ್ದ ಆ ಸೊಪ್ಪು ಮನ್ಯಾಗ ಇಟ್ಟವ್ರನ್ನ ಪೊಲೀಸ್ರು ಕೇಳ್ತಾರ.”

ಅಪ್ಪ ಬಾಗಿಲ ಕಡೆ ನೋಡಿದ. ಮಾಯಾ ಒಂದು ಹೆಜ್ಜೆ ಒಳಗಿಟ್ಟಳು.

“ಸಾಹೇಬ್ರ, ನಾ...”

“ಬುತ್ತಿ ಅಲ್ಲೇ ಇಡವ್ವಾ,” ಎಂದ ಅಪ್ಪ, ಮೆತ್ತಗೆ. ಆಮೇಲೆ ಸಾಹೇಬರ ಕಡೆ ತಿರುಗಿದ. “ಯಾರೂ ಕೊಟ್ಟಿಲ್ರಿ, ನಾನ ತಿಂದೀನ್ರಿ. ತಪ್ಪಾತು.”

ಲಾರಿಯ ಕೀಲಿಯನ್ನು ಮೇಜಿನ ಮೇಲಿಟ್ಟ.

ಸೀಸನ್ ಮುಗಿಯುವ ತನಕ ಅಪ್ಪ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಒಣ ಗರಿಯ ರವದಿ ಗುಡಿಸಿದ. ಊರಿಗೆ ಮರಳಿದ ಅಜ್ಜಿ ಮೊದಲು ಡಬ್ಬಿಯ ಸೊಪ್ಪನ್ನು ಒಲೆಗೆ ಸುರಿದಳು. ಆಮೇಲೆ ಅಪ್ಪನಿಗೆ ಬೈದಳು. “ಲೇ, ಕುರಿ ಔಷಧ ನಿನಗ್ಯಾಕ ಬೇಕಿತ್ತೋ? ನೀ ಏನು ಟಗರೇನು?”

ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿದ. ಮಾಯಾ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಬೇಡವೆನ್ನಲಿಲ್ಲ.

ಉಂಡಿ ಕೊಟ್ಟವಳು ಮಾಯಾ ಎಂದು ಅಪ್ಪ ಯಾರಿಗೂ ಹೇಳಲಿಲ್ಲ. ಅವಳ ಮುಂದೆಯೂ ಆ ಮಾತು ಎತ್ತಲಿಲ್ಲ.