ಎಡಗಡೆಯ ಜ್ಯಾಕ್

ಮಹಿಳಾ ಪೇದೆ ಮಾತಿಲ್ಲದೆ ಸ್ಟಾಂಪ್ ಪ್ಯಾಡಿಗೆ ಶಾಯಿ ಹನಿಸುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಸೇತುವೆ ಕೆಲಸದ ಎಂಜಿನಿಯರ್ ಏದುಸಿರು ಬಿಡುತ್ತ ಠಾಣೆಗೆ ನುಗ್ಗಿದ.

“ಯಾರೋ ಬೇಕಂತಲೇ ಜ್ಯಾಕ್ ಕೆಡಿಸಿದ್ದಾರೆ ಸಾರ್. ನಮ್ಮ ತುದಿಯಾಳು ಬಿದ್ದಿದ್ದಾನೆ. ಕಾಲು ಉಳಿಯಲ್ಲ ಅಂತಿದ್ದಾರೆ.”

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಅವಳನ್ನೂ ಜೀಪು ಹತ್ತಿಸಿಕೊಂಡರು.

ಕಣಿವೆಯ ತಳದಲ್ಲಿ ಕ್ರೇನ್ ನಿಲ್ಲಲು ಜಾಗವಿರಲಿಲ್ಲ. ಹಾಗಾಗಿ ಉಕ್ಕಿನ ಸೇತುವೆಯನ್ನು ಈ ದಡದಲ್ಲೇ ಜೋಡಿಸಿ, ಉರುಳೆಗಳ ಮೇಲಿಟ್ಟು, ಎಣ್ಣೆಯ ಒತ್ತಡದಿಂದ ನಡೆಯುವ ಎರಡು ಜ್ಯಾಕ್‌ಗಳಿಂದ ಇಂಚಿಂಚಾಗಿ ಆಚೆ ದಡಕ್ಕೆ ತಳ್ಳುತ್ತಿದ್ದರು. ಮುಂತುದಿಯಲ್ಲಿ ಕೂತು ದಾರಿ ತೋರಿಸುವವನು ತುದಿಯಾಳು. ಅಂದು ಎಡ ಜ್ಯಾಕ್ ನಿಂತಿತು, ಬಲದ್ದು ತಳ್ಳುತ್ತಲೇ ಇತ್ತು. ಸೇತುವೆ ಸೊಟ್ಟಗೆ ತಿರುಗಿ ಉರುಳೆಯಿಂದ ಜಾರಿತು. ತುದಿಯಾಳು ಕೆಳಗೆ ಕಂಬದ ಅಟ್ಟಣೆಯ ಮೇಲೆ ಬಿದ್ದ.

ಪಂಚನಾಮೆಯಲ್ಲಿ ಕಂಡದ್ದು ಇಷ್ಟು: ಎಡ ಜ್ಯಾಕಿನ ಎಣ್ಣೆ ಖಾಲಿ. ನೆಲದ ಮೇಲೆ ಒಂದು ಹನಿಯೂ ಇಲ್ಲ. ಎಣ್ಣೆ ಇಳಿಸುವ ತಿರುಪು ವಾಷರ್ ಸಮೇತ ಮತ್ತೆ ಬಿಗಿಯಾಗಿ ಕೂತಿತ್ತು.

“ಹಗೆ ಇರೋನು ಪೈಪೇ ಕತ್ತರಿಸ್ತಿದ್ದ,” ಎಂದರು ಇನ್‌ಸ್ಪೆಕ್ಟರ್.

ಪೇದೆ ತಡವರಿಸಿದಳು. “ಸಾರ್... ಇದು ಕೆಡಿಸೋರ ಕೈ ಅಲ್ಲ. ನಾಳೆ ಮತ್ತೆ ಓಡಿಸ್ಬೇಕು ಅನ್ನೋರ ಕೈ.”

“ಅಬ್ಬಾ, ನಿಂಗೂ ಬಾಯಿದೆ! ಸರಿ, ಯಾರ ಕೈ?”

ಎಲ್ಲರೂ ಜ್ಯಾಕಿನ ಸುತ್ತ ಮುತ್ತಿಕೊಂಡಿದ್ದರು. ಬಿದ್ದವನ ಅಣ್ಣನಾದ ಜ್ಯಾಕ್ ಮಿಸ್ತ್ರಿ ಒಬ್ಬನೇ ಅದಕ್ಕೆ ಬೆನ್ನು ಹಾಕಿ ನಿಂತಿದ್ದ. ಅವಳ ಕಣ್ಣು ಅಲ್ಲಿಗೆ ಹೋಯಿತು. ಇನ್‌ಸ್ಪೆಕ್ಟರ್ ಅವನನ್ನು ಶೆಡ್ಡಿಗೆ ಕರೆಸಿದರು.

“ನಿನ್ನೆ ಎಂಜಿನಿಯರ್ ಜೊತೆ ಜಗಳ ಆಡಿದ್ಯಂತೆ?”

“ಗಾಳಿ ಜೋರಿದೆ, ಒಂದು ದಿನ ನಿಲ್ಸಿ ಅಂದೆ. ‘ತಮ್ಮನ್ನ ಮಡಿಲಲ್ಲಿ ಕೂರಿಸ್ಕೊ ಹೋಗು’ ಅಂದ್ರು. ಎಲ್ಲಾ ನಕ್ಕರು.”

“ಆಮೇಲೆ?”

ಅವನು ಶೆಡ್ಡಿನ ಬಾಗಿಲ ಕಡೆ ನೋಡಿದ. ಕೆಲಸ ನಿಲ್ಲಿಸಬೇಕಿದ್ದವನು ಎರಡೂ ಜ್ಯಾಕ್ ಖಾಲಿ ಮಾಡಬೇಕಿತ್ತಲ್ಲ, ಒಂದೇ ಯಾಕೆ ಎಂಬುದು ಪೇದೆಯ ತಲೆ ಕೊರೆಯುತ್ತಿತ್ತು. ಮೆಲ್ಲಗೆ ಕೇಳಿದಳು: “ಹಿಂದಿನ ಕೆಲಸದಲ್ಲೂ ಹಿಂಗೇ ಇತ್ತಾ ಅಣ್ಣ, ಎರಡು ಜ್ಯಾಕು?”

ಮಿಸ್ತ್ರಿ ಎರಡು ಬೆರಳು ಜೋಡಿಸಿ ತೋರಿಸಿದ.

“ಅಲ್ಲಿ ಎರಡಕ್ಕೂ ಒಂದೇ ಪಂಪು ತಂಗಿ. ಒಂದು ನಿಂತ್ರೆ ಇನ್ನೊಂದೂ ನಿಲ್ಲೋದು. ವರ್ಷಗಟ್ಲೆ ಹಂಗೇ ದುಡಿದಿದ್ದು. ಇಲ್ಲಿ ಪಂಪು ಬೇರೆ ಬೇರೆ, ಜೋಡಿಸಿದ್ದೂ ನಾನೇ. ಆದ್ರೂ ಆ ಹೊತ್ತಿಗೆ ಹೊಳೀಲಿಲ್ಲ. ಒಂದರ ಎಣ್ಣೆ ಇಳಿಸಿದ್ರೆ ಎಲ್ಲಾ ನಿಂತ್ಬಿಡುತ್ತೆ, ಗಾಳಿ ಇಳಿಯೋವರೆಗೆ ಅವನು ಹತ್ತಲ್ಲ ಅಂದ್ಕೊಂಡೆ.”

ಎಂಜಿನಿಯರ್ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದ.

ಮಧ್ಯಾಹ್ನ ಬಂಧನವಾಯಿತು. ಕೃತ್ಯದ ಉದ್ದೇಶ ಬರೆಯುವ ಕಡೆ ಇನ್‌ಸ್ಪೆಕ್ಟರ್ ‘ತಮ್ಮನನ್ನು ಗಾಳಿಗೆ ಹತ್ತಿಸದಿರಲು’ ಎಂದು ಬರೆದರು.

ಜೀಪಿನಲ್ಲಿ ಮಿಸ್ತ್ರಿ ಪೇದೆಯ ಕಡೆ ತಿರುಗಿದ.

“ಅವನಿಗೆ ಎಚ್ಚರ ಆಗಿದೆಯಂತೆ. ಯಾರು ಮಾಡಿದ್ದು ಅಂತ ಕೇಳ್ತಾನೆ. ನಾನು ಅಂತ ಹೇಳ್ಬೇಡಿ.”

ಚಾಲಕ ಗೇರು ಬದಲಿಸಿದ.